ಬಳಸಿದ ಥಾರ್, ಜಿಪ್ಸಿ, ಜೀಪಿಗೆ ನ್ಯಾಯವಾದ ಬೆಲೆ ಕಟ್ಟುವ ಬಗೆ

ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಫೋರ್ ವೀಲ್ ಡ್ರೈವ್ ಗಾಡಿ ಮಾರಲು ಹೊರಟವರು ಸಾಮಾನ್ಯವಾಗಿ ತಾವು ಈವರೆಗೆ ಅದಕ್ಕೆ ಸುರಿದ ಹಣದ ಲೆಕ್ಕ ಹಿಡಿದು ಕೂರುತ್ತಾರೆ; ಕೊಳ್ಳಲು ಬಂದವರು ತಾವು ಇನ್ನು ಎಷ್ಟು ಸುರಿಯಬೇಕಾದೀತು ಎಂದು ಮನಸ್ಸಿನಲ್ಲೇ ಕೂಡಿಸುತ್ತಿರುತ್ತಾರೆ. ಈ ಎರಡು ಲೆಕ್ಕಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಬೆಲೆ ಹುಟ್ಟುವುದು ಎರಡನೆಯ ಲೆಕ್ಕದಿಂದಲೇ ಆದ್ದರಿಂದ, ಮಾರುವವರು ಅದನ್ನು ಕೊಳ್ಳುವವರಿಗಿಂತ ಮೊದಲೇ ತಾವಾಗಿ ಮಾಡಿಟ್ಟುಕೊಳ್ಳುವುದು ಲೇಸು.

ಮೊದಲನೆಯದಾಗಿ, ಮಾರುತ್ತಿರುವ ಗಾಡಿ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇದು ಬಾಲಿಶವಾದ ಮಾತಿನಂತೆ ಕಂಡರೂ ಹೆಚ್ಚಿನ ತಪ್ಪುಗಳು ಇಲ್ಲಿಯೇ ಆಗುತ್ತವೆ. ಥಾರ್ ಎಂದ ಮಾತ್ರಕ್ಕೆ ಅದು ಫೋರ್ ವೀಲ್ ಆಗಿರಬೇಕೆಂದಿಲ್ಲ. 2010ರಲ್ಲಿ ಬಂದ ಮೊದಲ ತಲೆಮಾರಿನ ಥಾರ್‌ನಲ್ಲಿ ಡಿಐ ಮತ್ತು ಸಿಆರ್‌ಡಿಇ ಎಂಬ ಎರಡು ಎಂಜಿನ್‌ಗಳಿದ್ದವು, ಡಿಐನಲ್ಲಿ ಟೂ ವೀಲ್ ಡ್ರೈವ್ ಮಾದರಿಯೂ ಇತ್ತು. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಎರಡನೆಯ ತಲೆಮಾರಿಗೆ 2023ರ ಜನವರಿಯಲ್ಲಿ ಹಿಂದಿನ ಚಕ್ರಗಳಿಗೆ ಮಾತ್ರ ಬಲ ಹೋಗುವ ಅಗ್ಗದ ಮಾದರಿ ಸೇರಿಕೊಂಡಿತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಗೇರ್ ಲಿವರಿನ ಪಕ್ಕದಲ್ಲಿ, ಮುಂದಿನ ಹಾಗೂ ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಎರಡನೆಯ ಲಿವರ್ ಇದೆಯೇ ಎಂಬುದೇ ಅವುಗಳ ನಡುವಿನ ವ್ಯತ್ಯಾಸ. ಹಾಗೆಯೇ ಡಸ್ಟರ್‌ನ ಎಡಬ್ಲ್ಯುಡಿ ಮಾದರಿಯಲ್ಲಿ ನಾಲ್ಕು ಚಕ್ರಕ್ಕೂ ಬಲ ಹೋಗುತ್ತದೆಯಾದರೂ ಲೋ ರೇಂಜ್, ಅಂದರೆ ನಿಧಾನವಾಗಿ ಹೆಚ್ಚು ಬಲದಿಂದ ಎಳೆಯುವ ಗೇರು, ಇಲ್ಲ. ಎಸ್ಟೇಟಿನ ಕಡಿದಾದ ಏರಿಗೆ ಗಾಡಿ ಹುಡುಕುವವರು ಲೋ ರೇಂಜ್‌ಗಾಗಿಯೇ ಹೆಚ್ಚು ಹಣ ಕೊಡುತ್ತಾರೆ ಎಂಬುದನ್ನು ಮರೆಯಬಾರದು.

ನಂತರ ಇದೇ ಗಾಡಿಯನ್ನು, ಅಥವಾ ಇದರ ಜಾಗದಲ್ಲಿ ಈಗ ಬಂದಿರುವ ಗಾಡಿಯನ್ನು, ಇಂದು ಹೊಸದಾಗಿ ಕೊಂಡರೆ ಎಷ್ಟಾಗುತ್ತದೆ ಎಂದು ನೋಡಬೇಕು. ನಿಮ್ಮ ಬಿಲ್ಲಿನಲ್ಲಿರುವ ಹಳೆಯ ಮೊತ್ತಕ್ಕೆ ಇಲ್ಲಿ ಬೆಲೆಯಿಲ್ಲ. ಐದು ಬಾಗಿಲಿನ ಜಿಮ್ನಿ 2023ರ ಜೂನ್‌ನಲ್ಲಿ 12.74 ಲಕ್ಷ ರೂಪಾಯಿಯ ಆರಂಭಿಕ ಶೋರೂಂ ಬೆಲೆಯೊಂದಿಗೆ ಬಂದಿತು. ಅದೇ ವರ್ಷ ಮುಗಿಯುವ ಮೊದಲೇ ಥಂಡರ್ ಎಡಿಷನ್ ಎಂಬ ಹೆಸರಿನಲ್ಲಿ ಅದರ ಆರಂಭಿಕ ಬೆಲೆ 10.74 ಲಕ್ಷಕ್ಕೆ ಇಳಿಯಿತು. ಜೂನ್‌ನಲ್ಲಿ ಕೊಂಡವರ ಗಾಡಿ ಮನೆಯ ಮುಂದೆ ಸುಮ್ಮನೆ ನಿಂತಿದ್ದರೂ ಮರುಮಾರಾಟದ ಬೆಲೆ ಕಳೆದುಕೊಂಡಿತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಬದಲಾಗಿ, ಸೆಸ್ ಸೇರಿ ಶೇ. 50ರವರೆಗೂ ಇದ್ದ ದೊಡ್ಡ ಗಾಡಿಗಳ ತೆರಿಗೆ ಶೇ. 40ಕ್ಕೆ ಇಳಿದಾಗಲೂ ಆದದ್ದು ಇದೇ. ಹೊಸ ಗಾಡಿಯ ಬೆಲೆ ಇಳಿದ ಮೇಲೆ ಹಳೆಯ ಗಾಡಿಯ ಮಾಲೀಕರು ಎಷ್ಟು ವಾದಿಸಿದರೂ ಪ್ರಯೋಜನವಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ ಜಿಪ್ಸಿ. 1985ರಿಂದ ಬರುತ್ತಿದ್ದ ಆ ಗಾಡಿಯ ಉತ್ಪಾದನೆ ಜನಸಾಮಾನ್ಯರ ಮಟ್ಟಿಗೆ 2019ರ ಹೊತ್ತಿಗೆ ನಿಂತುಹೋಯಿತು. ಅದಕ್ಕೆ ಹೋಲಿಸಲು ಹೊಸ ಗಾಡಿಯೇ ಇಲ್ಲದಿರುವುದರಿಂದ ಬೆಲೆಯನ್ನು ವಯಸ್ಸಿಗಿಂತ ಸ್ಥಿತಿಯೇ ನಿರ್ಧರಿಸುತ್ತದೆ. ಸೈನ್ಯದ ಹರಾಜಿನಿಂದ ಬಂದ ಜಿಪ್ಸಿಯಾದರೆ ಹರಾಜಿನ ಕಾಗದ ಮತ್ತು ಆರ್‌ಸಿ ಎರಡೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡದೆ ಬೆಲೆಯ ಮಾತೆತ್ತುವುದೇ ತಪ್ಪು.

ಮಾರುಕಟ್ಟೆಯ ಬೆಲೆ ತಿಳಿಯಲು ಒಂದು ಸರಳ ಕ್ರಮವಿದೆ. ಅದೇ ವರ್ಷ, ಅದೇ ಇಂಧನ, ಅದೇ ಗೇರ್‌ಬಾಕ್ಸ್, ಅದೇ ಮೇಲ್ಛಾವಣಿ ಇರುವ, ಕರ್ನಾಟಕದಲ್ಲಿಯೇ ನೋಂದಣಿಯಾದ ಹತ್ತು ಗಾಡಿಗಳ ಜಾಹೀರಾತುಗಳನ್ನು ಬರೆದಿಟ್ಟುಕೊಂಡು, ಅತಿ ಹೆಚ್ಚಿನ ಎರಡನ್ನೂ ಅತಿ ಕಡಿಮೆಯ ಎರಡನ್ನೂ ಬಿಟ್ಟುಬಿಡಿ. ಉಳಿದ ಆರರ ನಡುವಿನ ಮೊತ್ತ ಕೇಳುವ ಬೆಲೆಯೇ ಹೊರತು ಮಾರಾಟವಾದ ಬೆಲೆಯಲ್ಲ. ಆದ್ದರಿಂದ ಮೂರು ವಾರ ಕಾದು ನೋಡಿ: ಬೇಗ ಮಾಯವಾದ ಜಾಹೀರಾತಿನ ಬೆಲೆ ನಿಜಕ್ಕೆ ಹತ್ತಿರವಾದದ್ದು, ತಿಂಗಳುಗಟ್ಟಲೆ ಹಾಗೆಯೇ ಇರುವುದು ಮಾಲೀಕರ ಆಸೆ ಮಾತ್ರ. ವಿಮೆಯ ಐಡಿವಿಯನ್ನು, ಅಂದರೆ ವಿಮಾ ಪಾಲಿಸಿಯಲ್ಲಿ ಗಾಡಿಗೆ ಕಟ್ಟಿದ ಮೌಲ್ಯವನ್ನು, ಬೆಲೆಯೆಂದು ತಿಳಿಯಬೇಡಿ. ಅದು ನಾಲ್ಕು ವರ್ಷ ದಾಟಿ ಐದು ವರ್ಷದೊಳಗಿನ ಯಾವುದೇ ಕಾರಿಗೆ ಶೇ. 50 ಸವಕಳಿ ಕಳೆಯುವ ಒಂದು ಪಟ್ಟಿಯ ಲೆಕ್ಕ. ಪಟ್ಟಿಗೆ ಫೋರ್ ವೀಲ್ ಯಾವುದು, ಪೇಟೆಯ ಕಾರು ಯಾವುದು ಎಂಬುದು ಗೊತ್ತಿಲ್ಲ.

ಇನ್ನು ಗಾಡಿಯ ಪರೀಕ್ಷೆ. ಫೋರ್ ವೀಲ್ ಇದೆ ಎಂಬುದಕ್ಕೆ ಹೆಚ್ಚಿನ ಬೆಲೆ ಸಿಗುವುದಿಲ್ಲ, ಅದು ಕೆಲಸ ಮಾಡುತ್ತದೆ ಎಂದು ತೋರಿಸಿದರೆ ಮಾತ್ರ ಸಿಗುತ್ತದೆ. ಗಾಡಿಯನ್ನು ಒಣ ಡಾಂಬರಿನ ಮೇಲಲ್ಲ, ಮಣ್ಣು ಅಥವಾ ಜಲ್ಲಿಯ ಜಾಗಕ್ಕೆ ಒಯ್ದು ಫೋರ್ ಹೈಗೆ (ಮಾಮೂಲಿ ವೇಗದ ಫೋರ್ ವೀಲ್ ಸ್ಥಾನಕ್ಕೆ) ಹಾಕಿ ನಿಧಾನವಾಗಿ ಪೂರ್ತಿ ತಿರುಗಿಸಿ. ಥಾರ್, ಜಿಪ್ಸಿ, ಜಿಮ್ನಿಗಳಲ್ಲಿ ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇಲ್ಲದಿರುವುದರಿಂದ, ಮುಂದಿನ ಆಕ್ಸಲ್ ನಿಜವಾಗಿ ಎಳೆಯುತ್ತಿದ್ದರೆ ಸ್ಟೇರಿಂಗ್ ಬಿಗಿಯಾಗಿ ಗಾಡಿ ತಡೆದಂತೆ ಅನ್ನಿಸಬೇಕು. ಟೂ ವೀಲ್‌ನಲ್ಲಿದ್ದಷ್ಟೇ ಹಗುರವಾಗಿ ತಿರುಗಿದರೆ ಹಬ್ಬಿನಲ್ಲೋ ಶಾಫ್ಟಿನಲ್ಲೋ ಎಲ್ಲೋ ಕೊಂಡಿ ಕಳಚಿದೆ ಎಂದರ್ಥ. ಅನಂತರ ಗಾಡಿ ನಿಲ್ಲಿಸಿ, ಕ್ಲಚ್ ಒತ್ತಿ, ಫೋರ್ ಲೋಗೆ, ಅಂದರೆ ಲೋ ರೇಂಜಿಗೆ, ಹಾಕಿ ಒಂದು ಏರು ಹತ್ತಿಸಿ, ಮತ್ತೆ ಎಂಜಿನ್ ಬ್ರೇಕಿನಲ್ಲಿ ಇಳಿಸಿ. ಇಳಿಯುವಾಗ ಲಿವರ್ ತಾನಾಗಿ ಹೊರಬಿದ್ದರೆ ಒಳಗೆ ಸವೆತವಿದೆ. ವರ್ಷಗಟ್ಟಲೆ ಆ ಲಿವರನ್ನು ಮುಟ್ಟದ ಪೇಟೆಯ ಗಾಡಿಗಳಲ್ಲಿ ಅದು ತುಕ್ಕು ಹಿಡಿದು ಅಲುಗಾಡದಿರುವುದೂ ಉಂಟು. ಆದ್ದರಿಂದ "ಒಮ್ಮೆಯೂ ಫೋರ್ ವೀಲ್ ಹಾಕಿಲ್ಲ ಸಾರ್" ಎಂಬುದು ಹೊಗಳಿಕೆಯಲ್ಲ.

ಎಣ್ಣೆಯ ವಿಷಯದಲ್ಲಿ ನನಗೆ ಸಿಕ್ಕ ಪಾಠವನ್ನು ಹೇಳಿಬಿಡುತ್ತೇನೆ. ಹಳೆಯ ಎಂಎಂ 540 ಜೀಪೊಂದನ್ನು ಮಾರಲು ನಿಲ್ಲಿಸಿದ್ದಾಗ, ಕೊಳ್ಳಲು ಬಂದವರ ಜೊತೆಯಲ್ಲಿದ್ದ ವಯಸ್ಸಾದ ಮೆಕ್ಯಾನಿಕ್ ಎಂಜಿನ್ನಿನ ಬಾನೆಟ್ ತೆಗೆಯಲೇ ಇಲ್ಲ. ಗೋಣಿಚೀಲ ಹಾಸಿಕೊಂಡು ಕೆಳಗೆ ನುಸುಳಿ, ಮುಂದಿನ ಡಿಫರೆನ್ಷಿಯಲ್ ಹೌಸಿಂಗಿನ ಪ್ಲಗ್ ಸಡಿಲಿಸಿ, ಬೆರಳಿಗೆ ಅಂಟಿದ ಎಣ್ಣೆಯನ್ನು ತಂದು ನನ್ನ ಮುಂದೆ ಹಿಡಿದರು. ಅದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕಿತ್ತು. ಹಿಂದಿನ ಮಳೆಗಾಲದಲ್ಲಿ ನಾನು ಹಳ್ಳ ದಾಟಿಸಿದ್ದೆ, ನೀರು ಒಳಹೋಗಿತ್ತು, ಎಣ್ಣೆ ಬದಲಿಸುವುದನ್ನು ಮರೆತಿದ್ದೆ. ಒಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳು ಹಾಳಾಗಿರಬಹುದೆಂಬ ಅನುಮಾನಕ್ಕೇ ಅವರು ಕಡಿತ ಕೇಳಿದರು, ನಾನು ಒಪ್ಪಬೇಕಾಯಿತು. ಹೌಸಿಂಗ್ ಬಿಚ್ಚಿ ನೋಡಿ, ಒಂದು ಬಿಲ್ಲು ಕೈಯಲ್ಲಿಟ್ಟುಕೊಂಡಿದ್ದರೆ ಆ ಕಡಿತ ಆಗುತ್ತಿರಲಿಲ್ಲ. ಆದ್ದರಿಂದ ಎರಡು ಡಿಫರೆನ್ಷಿಯಲ್, ಟ್ರಾನ್ಸ್‌ಫರ್ ಕೇಸ್, ಗೇರ್‌ಬಾಕ್ಸ್ ಈ ನಾಲ್ಕರ ಎಣ್ಣೆಯನ್ನೂ ಮಾರುವ ಮೊದಲು ನೋಡಿಸಿ, ಸವೆತ ಕಂಡರೆ ಅದನ್ನು ಮುಚ್ಚಿಡದೆ ಗ್ಯಾರೇಜಿನಿಂದ ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಪಡೆಯಿರಿ.

ಕಿಲೋಮೀಟರ್ ಓದಿ ಬೆಲೆ ಕಟ್ಟುವ ಅಭ್ಯಾಸ ಈ ಗಾಡಿಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ತೋಟದೊಳಗೆ ಮೊದಲ ಗೇರಿನಲ್ಲಿ ಗೊಬ್ಬರ ಹೊತ್ತು ಓಡಿದ 30,000 ಕಿಲೋಮೀಟರ್, ಹೆದ್ದಾರಿಯಲ್ಲಿ ಓಡಿದ 90,000ಕ್ಕಿಂತ ಹೆಚ್ಚು ದಣಿಸಿರಬಹುದು. ಮಂಗಳೂರು, ಉಡುಪಿ ಕಡೆಯ ಗಾಡಿಗೆ ಕಡಲ ಗಾಳಿಯ ಉಪ್ಪು, ಆಗುಂಬೆ, ಮಡಿಕೇರಿ ಕಡೆಯದಕ್ಕೆ ಒಣಗದ ಕೆಸರು ಶತ್ರು. ಕಾಲಡಿಯ ಮ್ಯಾಟ್ ಎತ್ತಿ, ಚಾಸಿಸ್ಸಿನ ಹಿಂದಿನ ಅಡ್ಡಪಟ್ಟಿಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿ ನೋಡಬೇಕು. ಮಂಕಾದ ಸದ್ದು ಬಂದರೆ ಬಣ್ಣದ ಕೆಳಗೆ ಲೋಹ ತೆಳುವಾಗಿದೆ.

ಮಾಲೀಕರಿಗೆ ಹೆಚ್ಚು ನೋವಾಗುವುದು ಹೆಚ್ಚುವರಿ ಸಾಮಾನುಗಳ ವಿಷಯದಲ್ಲಿ. ವಿಂಚ್, ಉಕ್ಕಿನ ಬಂಪರ್, ದಪ್ಪ ಟೈರ್, ಎತ್ತರಿಸಿದ ಸಸ್ಪೆನ್ಷನ್‌ಗೆ ಕೊಟ್ಟ ಹಣ ಮರಳಿ ಬರುವುದಿಲ್ಲ. ನನ್ನ ಅನುಭವದಲ್ಲಿ ಮೂರನೇ ಒಂದು ಭಾಗ ಬಂದರೆ ಅದೃಷ್ಟ. ಕಾನೂನಿನ ತೊಡಕೂ ಇದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ, ಗಾಡಿಯ ಮುಂಭಾಗಕ್ಕೆ ಕಟ್ಟುವ ಲೋಹದ ಬುಲ್ ಬಾರ್‌ಗಳ ಮೇಲೆ ಕ್ರಮಕ್ಕೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಗಾಡಿಯನ್ನು ಮೂಲ ರೂಪಕ್ಕೆ ತಂದು, ಸಾಮಾನುಗಳನ್ನು ಬೇರೆಯಾಗಿ ಮಾರುವುದೇ ಒಳ್ಳೆಯದು.

ಕಾಗದಗಳಲ್ಲಿ ಬೆಲೆಯನ್ನು ಕೆಳಕ್ಕೆ ಎಳೆಯುವುದು ವಯಸ್ಸು ಮತ್ತು ನೋಂದಣಿಯಾದ ರಾಜ್ಯ. ಹದಿನೈದು ವರ್ಷ ಸಮೀಪಿಸಿದ ಗಾಡಿಗೆ ಓಡಲು ಯೋಗ್ಯವೆಂಬ ಪ್ರಮಾಣಪತ್ರವಾದ ಎಫ್‌ಸಿ ಮತ್ತು ಆರ್‌ಸಿ ನವೀಕರಣದ ವೆಚ್ಚವಿದೆ. ಅದನ್ನು ನೀವೇ ಮಾಡಿಸಿ ಕೊಟ್ಟರೆ ಖರ್ಚಿಗಿಂತ ಹೆಚ್ಚು ಬೆಲೆ ಏರುತ್ತದೆ, ಏಕೆಂದರೆ ಕೊಳ್ಳುವವರು ಹೆದರುವುದು ಹಣಕ್ಕಿಂತ ಹೆಚ್ಚಾಗಿ ಆರ್‌ಟಿಒ ಓಡಾಟಕ್ಕೆ. ದೆಹಲಿಯಲ್ಲಿ ಹಳೆಯ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧಗಳಿಂದಾಗಿ ಅಲ್ಲಿಂದ ಅಗ್ಗವಾಗಿ ಬಂದ ಗಾಡಿಗಳ ಬೆಲೆಯನ್ನು ಹೋಲಿಕೆಗೆ ತೆಗೆದುಕೊಳ್ಳಬೇಡಿ. ಎನ್‌ಒಸಿ ಮತ್ತು ಇಲ್ಲಿನ ಜೀವಾವಧಿ ತೆರಿಗೆ ಸೇರಿದ ಮೇಲೆ ಆ ಅಗ್ಗ ಬಹುಪಾಲು ಕರಗಿರುತ್ತದೆ. ವಿಮೆಯ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಅದನ್ನು ಬೆಲೆಯಲ್ಲಿ ಸೇರಿಸದೆ ನಿಮ್ಮ ಮುಂದಿನ ಗಾಡಿಗೆ ಉಳಿಸಿಕೊಳ್ಳಿ.

ಈಗ ಕೂಡಿ ಕಳೆಯೋಣ. ಅಂಕಿಗಳು ಕ್ರಮ ತೋರಿಸಲು ಹಿಡಿದವು ಮಾತ್ರ. ಜಾಹೀರಾತುಗಳ ನಡುವಿನ ಬೆಲೆ 10,80,000 ರೂಪಾಯಿ ಎಂದುಕೊಳ್ಳೋಣ. ಚೌಕಾಸಿಯಲ್ಲಿ ಇಳಿಯುವ ಶೇ. 6 ಕಳೆದರೆ 10,15,200. ಐದು ಟೈರುಗಳ ಹೊಸ ಸೆಟ್ 60,000 ಆಗುವುದಾದರೆ, ಅರ್ಧ ಸವೆದಿದ್ದಕ್ಕೆ 30,000. ಬಾಕಿ ಇರುವ ಸರ್ವಿಸ್‌ಗೆ 12,000. ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟಿಗೆ 6,000. ಉಳಿಯುವುದು 9,67,200. ಕೇಳುವ ಬೆಲೆ 9,95,000 ಇಟ್ಟು, 9,45,000ಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂದು ಮನೆಯವರೊಂದಿಗೆ ಮೊದಲೇ ತೀರ್ಮಾನಿಸಿಕೊಳ್ಳಿ. ದಲ್ಲಾಳಿಯೋ ಡೀಲರ್ರೋ ಇದಕ್ಕಿಂತ ಕಡಿಮೆ ಹೇಳುವುದು ಅನ್ಯಾಯವೇನಲ್ಲ: ಅವರು ಗಾಡಿ ನಿಲ್ಲಿಸಿಕೊಳ್ಳಬೇಕು, ಜಿಎಸ್‌ಟಿ ನೋಂದಣಿ ಇದ್ದರೆ ಸಿಕ್ಕ ಲಾಭದ ಮೇಲೆ ಶೇ. 18 ತೆರಿಗೆಯನ್ನೂ ಕಟ್ಟಬೇಕು.

ಮಲೆನಾಡಿನಲ್ಲಿ ಕಾಫಿ ಮಾರಿ ಕೈಗೆ ಹಣ ಬಂದು, ಮುಂಗಾರು ಇನ್ನೂ ಹಿಡಿಯದಿರುವ ಏಪ್ರಿಲ್, ಮೇ ತಿಂಗಳುಗಳು ಫೋರ್ ವೀಲ್ ಮಾರಲು ಅನುಕೂಲ. ಕೊಳ್ಳಲು ಬಂದವರ ಮುಂದೆ ಹೀಗೆ ಕೂಡಿ ಕಳೆದ ಲೆಕ್ಕದ ಹಾಳೆಯನ್ನೇ ಇಡಿ. ಟೈರು, ಜಾಯಿಂಟುಗಳ ಹೆಸರಿನಲ್ಲಿ ಎರಡನೆಯ ಬಾರಿ ಕಡಿತ ಕೇಳಲು ಅವರಿಗೆ ದಾರಿ ಉಳಿಯುವುದಿಲ್ಲ. ಒಪ್ಪಿದ ಬೆಲೆಯ ಒಂದಷ್ಟು ಭಾಗವನ್ನು "ಹೆಸರು ಬದಲಾದ ಮೇಲೆ ಕೊಡುತ್ತೇನೆ" ಎಂದರೆ ಒಪ್ಪಬೇಡಿ. ಪೂರ್ತಿ ಹಣ ಖಾತೆಗೆ ಬಂದ ದಿನವೇ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ, ತಾರೀಖು ಮಾತ್ರವಲ್ಲದೆ ಗಂಟೆಯನ್ನೂ ನಮೂದಿಸಿದ ಡೆಲಿವರಿ ಪತ್ರ ಬರೆಸಿಕೊಂಡು, ಎರಡನೆಯ ಕೀಲಿಯನ್ನೂ ಅವರ ಕೈಗಿಡಿ.