ಸುಮ್ಮನಾದ ಮಗುವಿನ ಪಕ್ಕ ಕೂರುವುದು ಹೇಗೆ

ತಿಪಟೂರು ಕಡೆಯ ಹೈಸ್ಕೂಲುಗಳಲ್ಲಿ ಹದಿನೆಂಟು ವರ್ಷದಿಂದ ಗಣಿತ ಹೇಳಿಕೊಡುತ್ತಿದ್ದೇನೆ. ನಮ್ಮಲ್ಲಿ ಕೌನ್ಸೆಲರ್ ಇಲ್ಲ. ಯಾವುದಾದರೂ ಮಗು ಮಂಕಾದರೆ ‘ಮೇಡಂ, ನೀವೇ ಒಂದ್ಸಲ ಮಾತಾಡಿಸಿ’ ಎಂದು ನನ್ನ ಹತ್ತಿರ ಕಳಿಸುತ್ತಾರೆ. ಈ ಕೆಲಸ ಹೊಸದಾಗಿ ಹೆಗಲಿಗೆ ಬಿದ್ದಿರುವ ಶಿಕ್ಷಕರಿಗೆ ನಾನು ಕಲಿತದ್ದನ್ನು ಹೇಳುತ್ತೇನೆ.

ಮೊದಲು ಹಾಜರಿ ಪುಸ್ತಕ ತೆಗೆಯಿರಿ. ಎಷ್ಟು ದಿನ ಗೈರು ಎಂದು ಎಣಿಸುವ ಮೊದಲು ಯಾವ ವಾರ ಗೈರು ಎಂದು ನೋಡಿ. ಒಂಬತ್ತನೇ ತರಗತಿಯ ಹುಡುಗನೊಬ್ಬ ಸೋಮವಾರ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಭಾನುವಾರ ಅಪ್ಪ ಕುಡಿದು ಬರುವುದು, ರಾತ್ರಿಯೆಲ್ಲ ರಂಪ, ಬೆಳಗ್ಗೆ ಅಪ್ಪನ ಬದಲು ಮಗ ಕಾಯಿ ಸುಲಿಯಲು ಹೋಗುವುದು. ಅವನ ಅಂಗೈ ನೋಡಿದ್ದರೆ ಜೂನ್‌ನಲ್ಲೇ ಗೊತ್ತಾಗುತ್ತಿತ್ತು. ನನಗೆ ಗೊತ್ತಾದದ್ದು ದಸರಾ ರಜೆ ಮುಗಿದ ಮೇಲೆ. ಬಿಸಿಯೂಟದ ಸಾಲಿನ ಮೇಲೂ ಕಣ್ಣಿರಲಿ. ತಟ್ಟೆ ಹಿಡಿದು ಒಬ್ಬಳೇ ಗೋಡೆಗೆ ತಿರುಗಿ ಕೂರುವ ಹುಡುಗಿ ಅರ್ಧ ಕಥೆ ಆಗಲೇ ಹೇಳಿರುತ್ತಾಳೆ.

ಸ್ಟಾಫ್ ರೂಮಿಗೆ ಕರೆಸಬೇಡಿ. ಅಲ್ಲಿಗೆ ಹೋಗುವುದು ಬೈಸಿಕೊಳ್ಳಲಿಕ್ಕೇ ಎಂಬುದು ಮಕ್ಕಳ ಲೆಕ್ಕ. ನಾನು ಹೊಂಗೆ ಮರದ ಕಟ್ಟೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಎಲ್ಲರಿಗೂ ಕಾಣುತ್ತೇವೆ, ನಮ್ಮ ಮಾತು ಮಾತ್ರ ಯಾರಿಗೂ ಕೇಳುವುದಿಲ್ಲ. ಪಕ್ಕ ಕೂರಿಸಿಕೊಂಡು ಉತ್ತರ ಪತ್ರಿಕೆಗಳನ್ನು ನಂಬರ್ ಪ್ರಕಾರ ಜೋಡಿಸಲು ಕೊಡುತ್ತೇನೆ. ಕೈಗೆ ಕೆಲಸವಿದ್ದರೆ ನನ್ನ ಮುಖ ನೋಡುವ ಕಷ್ಟ ಮಗುವಿಗೆ ತಪ್ಪುತ್ತದೆ.

‘ಯಾಕೆ ಹಿಂಗಾದೆ?’ ಎಂದು ಶುರು ಮಾಡಬೇಡಿ, ಅದು ವಿಚಾರಣೆ. ‘ಈಚೆಗೆ ನೀನು ಊಟ ಬಿಟ್ಟಿದ್ದು ನೋಡ್ದೆ ಮಗ. ಯಾವಾಗಿಂದ ಹಿಂಗೆ?’ ಅನ್ನಿ. ‘ಏನಿಲ್ಲ ಮಿಸ್’ ಎಂಬ ಉತ್ತರ ಬಂದೇ ಬರುತ್ತದೆ. ಆಗ ಸುಮ್ಮನಿರಿ. ಆ ಮೌನ ನಮಗೇ ಹಿಂಸೆ, ಬುದ್ಧಿಮಾತು ಬಾಯಿಗೆ ಬರುತ್ತದೆ. ತಡೆದುಕೊಳ್ಳಿ.

‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡಿ’ ಎಂದರೆ ಮಾಡಬೇಡಿ. ನಾನು ಒಮ್ಮೆ ಮಾಡಿದ್ದೆ. ಹುಡುಗಿ ಹೇಳಿದ್ದು ಮುಚ್ಚಿಡುವಂಥದ್ದಾಗಿರಲಿಲ್ಲ, ಆಣೆ ಮುರಿಯಬೇಕಾಯಿತು. ಹತ್ತನೇ ತರಗತಿ ಮುಗಿಸಿ ಹೋಗುವವರೆಗೂ ಅವಳು ನನ್ನ ಮುಖ ನೋಡಲಿಲ್ಲ. ಈಗ ಮೊದಲೇ ಹೇಳಿಬಿಡುತ್ತೇನೆ: ‘ನಿನ್ನ ಜೀವಕ್ಕೆ, ಮೈಗೆ ಅಪಾಯ ಇದ್ರೆ ಹೇಳಲೇಬೇಕಾಗುತ್ತೆ. ಯಾರಿಗೆ ಹೇಳ್ತೀನಿ ಅಂತ ನಿನಗೇ ಮೊದಲು ತಿಳಿಸ್ತೀನಿ.’ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಮುಚ್ಚಿಟ್ಟರೆ ಶಿಕ್ಷೆಯಿದೆ. ‘ಊರೊಳಗೇ ಬಗೆಹರಿಸೋಣ’ ಎನ್ನುವವರ ಮಾತಿಗೆ ತಲೆಯಾಡಿಸಬೇಡಿ. ಮದುವೆ ಗೊತ್ತುಮಾಡುತ್ತಿದ್ದಾರೆ ಎಂದು ಹುಡುಗಿ ಹೇಳಿದರೂ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ನಮ್ಮವರೆಲ್ಲ ಹಿಂಜರಿಯುವ ಪ್ರಶ್ನೆ ಇನ್ನೊಂದಿದೆ. ‘ಸಾಯಬೇಕು ಅಂತ ಅನ್ನಿಸಿದೆಯಾ?’ ಅನುಮಾನ ಬಂದರೆ ಇದನ್ನು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ, ಎಷ್ಟೋ ಮಕ್ಕಳಿಗೆ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿ ಮಗು ನಂಬುವವರು ಯಾರೆಂದು ಕೇಳಿ, ಅಜ್ಜಿಯಾದರೆ ಅಜ್ಜಿಯನ್ನೇ ಕರೆಸಿ. ತೋಟಕ್ಕೆ ಹೊಡೆಯುವ ಔಷಧಿಯನ್ನು ಮನೆಯಿಂದ ಇವತ್ತೇ ಹೊರಗೆ ಹಾಕಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಹಚ್ಚಿ. ಹಗಲು ರಾತ್ರಿ ಎನ್ನದೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಲು ಮನೆಯವರನ್ನು ಒಪ್ಪಿಸಿ.

ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯಬೇಡಿ, ಮುನ್ನಾದಿನವೇ ಅಂಚಿನಲ್ಲಿರುವ ಮಕ್ಕಳ ಮನೆಗೆ ಫೋನ್ ಮಾಡಿ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಮೊದಲನೆಯದರಲ್ಲಿ ಹೋದರೆ ಅದೇ ವರ್ಷ ಮತ್ತೆ ಬರೆಯಬಹುದು ಎಂಬುದನ್ನು ಮಗುವಿಗಿಂತ ಮೊದಲು ಅಪ್ಪನಿಗೆ ಬಿಡಿಸಿ ಹೇಳಿ.

ಅಪ್ಪ ಅಮ್ಮನನ್ನು ಕರೆಸಿದಾಗ ಮಗು ಹೇಳಿದ್ದನ್ನು ಒಪ್ಪಿಸಬೇಡಿ. ಏನು ಹೇಳಲಿ, ಏನು ಬಿಡಲಿ ಎಂದು ಮೊದಲೇ ಮಗುವನ್ನು ಕೇಳಿಕೊಂಡಿರಿ. ಆ ಸೋಮವಾರದ ಹುಡುಗನ ಅಪ್ಪನಿಗೆ ಹಾಜರಿ ಪುಸ್ತಕವನ್ನಷ್ಟೇ ತೋರಿಸಿದೆ. ಸೋಮವಾರದ ಗೆರೆಗಳ ಮೇಲೆ ಬೆರಳಾಡಿಸಿ, ತುಂಬಾ ಹೊತ್ತು ತಲೆ ಎತ್ತಲಿಲ್ಲ. ಕುಡಿತ ಬಿಟ್ಟನೆಂದು ಹೇಳಲಾರೆ, ಆದರೆ ಕಾಯಿ ಸುಲಿಯಲು ಮಗನನ್ನು ಕಳಿಸುವುದು ನಿಂತಿತು.

ಮರುದಿನ ತರಗತಿಯಲ್ಲಿ ಆ ಮಗುವಿಗೆಂದು ಬೇರೆ ಮುಖ ಬೇಡ. ಹಾಜರಿ ಕೂಗುವಾಗ ಹೆಸರು ಬಂದ ಕಡೆ ಒಮ್ಮೆ ತಲೆ ಎತ್ತಿ ನೋಡಿ, ಮುಂದಿನ ಹೆಸರಿಗೆ ಹೋಗಿ.