ನಾನು ಬಾಯಿ ಮುಚ್ಚಿಕೊಂಡ ಮೇಲೆ ಅವರು ನಡೆದರು

"ಮಾತಾಡಿಸಿ ನೋವು ಕಡಿಮೆ ಮಾಡ್ತೀರಾ?" ಅಂತ ನಕ್ಕವರೇ ಈಗ ಹಳೇ ಬೆನ್ನುನೋವು, ಮಂಡಿನೋವಿನವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಈ ಬರಹ.

ನಾನು ಫಿಸಿಯೋ. ವ್ಯಾಯಾಮದ ಹಾಳೆ ಕೊಡುವುದು, ಮಾಡದಿದ್ದರೆ ಗದರುವುದು, ಇಷ್ಟೇ ನನ್ನ ವಿದ್ಯೆಯಾಗಿತ್ತು. ಹತ್ತರಲ್ಲಿ ಆರು ಜನ ಮೂರನೇ ಸಲ ಬರುತ್ತಲೇ ಇರಲಿಲ್ಲ. ಮೋಟಿವೇಶನಲ್ ಇಂಟರ್‌ವ್ಯೂಯಿಂಗ್, ಅಂದರೆ ಬದಲಾಗಲು ತಮಗಿರುವ ಕಾರಣವನ್ನು ರೋಗಿಯ ಬಾಯಿಂದಲೇ ಹೊರಡಿಸುವ ಮಾತುಕತೆಯ ವಿಧಾನ, ಕಲಿಯಲು ಸುಮಾರು ಒಂದು ತಿಂಗಳ ಸಂಪಾದನೆ ಸುರಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಇದನ್ನು 1983ರಲ್ಲಿ ಬರೆದದ್ದು ಕುಡಿತದವರಿಗಾಗಿ. ನೋವಿಗೆ ನಡೆಯುತ್ತಾ ಅಂತ ನನಗೂ ಅನುಮಾನವಿತ್ತು.

ಮೊದಲ ಎರಡು ತಿಂಗಳು ಬರೀ ಸೋಲು. ಒಪ್ಪಿಗೆ ಪಡೆದು ಮಾತುಕತೆ ರೆಕಾರ್ಡ್ ಮಾಡಿ ಕೇಳಿದರೆ, ಮುಕ್ಕಾಲು ಪಾಲು ನನ್ನದೇ ದನಿ! ಆಮೇಲೆ, ಈ ವಿಧಾನದಲ್ಲಿ ಕಲಿಸಿದಂತೆ, ಅವರ ಮಾತನ್ನೇ ತಿರುಗಿಸಿ ಹೇಳಿದೆ. "ನಾನು ಹೇಳಿದ್ದನ್ನೇ ಹೇಳೋಕೆ ನಿಮಗೆ ಫೀಸಾ?" ಅಂದರು ಒಬ್ಬರು. ನ್ಯಾಯವೇ ಅಲ್ವಾ? ಅವರ ಬಾಯಿಗೆ ಬಾರದೆ ಉಳಿದದ್ದನ್ನು ಊಹಿಸಿ ಹೇಳಬೇಕಿತ್ತು.

ಅಳತೆ ಪ್ರಶ್ನೆಯಲ್ಲೂ ಎಡವಿದೆ. ನಡೆಯುವುದು ನಿಮಗೆ ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಎಷ್ಟು ಮುಖ್ಯ ಅಂತ ಕೇಳಿ, ಅವರು 4 ಅಂದರೆ "ಯಾಕೆ 8 ಅಲ್ಲ?" ಅನ್ನುತ್ತಿದ್ದೆ. ಕಷ್ಟಗಳ ಪಟ್ಟಿಯೇ ಬರುತ್ತಿತ್ತು. "2 ಅನ್ನದೆ 4 ಅಂದಿದ್ದು ಯಾಕೆ?" ಅಂತ ತಿರುಗಿಸಿದ ದಿನ, ಮಂಡಿನೋವಿನ ಒಬ್ಬ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿಗೆ ಹೋಗಬೇಕಾದರೂ ಮಗನನ್ನು ಕೇಳಿ ಕೇಳಿ ಸಾಕಾಗಿದೆ" ಅಂದರು. ಆಮೇಲೆ ಅವರೇ, "ಐದು ನಿಮಿಷ ನಡೆದು ನೋಡಲಾ?" ಅಂದರು. ನಾನು ಹಾಳೆ ತೆಗೆಯಲೇ ಇಲ್ಲ.

ನಡುವೆ ಒಮ್ಮೆ ಹುರುಪಿನಲ್ಲಿ ನಲವತ್ತು ನಿಮಿಷ ನಡೆದು ಮೂರು ದಿನ ಮಲಗಿದರು. ಹಿಂದಾದರೆ ಬೈಯುತ್ತಿದ್ದೆ. "ಇದರಿಂದ ಏನು ಗೊತ್ತಾಯ್ತು?" ಅಂತ ಮಾತ್ರ ಕೇಳಿದೆ. "ಚೆನ್ನಾಗಿರೋ ದಿನವೂ ಗಡಿಯಾರ ನೋಡಬೇಕು" ಅಂದರು. ನಾನು ವರ್ಷಗಟ್ಟಲೆ ಹೇಳಿ ಸೋತ ಪಾಠ ಅದು. ನಾಲ್ಕು ತಿಂಗಳಲ್ಲಿ ಇಪ್ಪತ್ತೈದು ನಿಮಿಷ ಆಯಿತು. ನೋವಿನ ಅಂಕಿ 7ರಿಂದ 6ಕ್ಕೆ ಇಳಿದಿರಬಹುದು, ಅಷ್ಟೇ.

ದುಡ್ಡಿನ ವಿಷಯ. ಇಪ್ಪತ್ತು ನಿಮಿಷದ ಭೇಟಿ ನಲವತ್ತಾಯಿತು, ಅರ್ಧ ವರ್ಷ ಆದಾಯ ಮೂರನೇ ಒಂದು ಭಾಗ ಬಿತ್ತು. ಈಗ ನಡುವೆ ಬಿಟ್ಟು ಹೋಗುವವರು ಹತ್ತರಲ್ಲಿ ಇಬ್ಬರೋ ಮೂವರೋ, ಲೆಕ್ಕ ಸರಿಹೋಗಿದೆ. ರೋಗಿಗಳು ಹೊರಡುವಾಗ ಬಾಗಿಲ ಹತ್ತಿರ ನಾನು ಕೇಳುವ ಒಂದು ಪ್ರಶ್ನೆಯಿದೆ. ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಫೋನಿನಲ್ಲೂ ಮಾಡಿ ನೋಡಿದೆ. ನಾನು ಸುಮ್ಮನೆ ಕಾದರೆ, ಲೈನ್ ಹೋಯಿತು ಅಂತ ಅವರು ಕಟ್ ಮಾಡುತ್ತಿದ್ದರು.