ಕಡಲತೀರದ ಹಳೆಯ ಊರಿಗೆ ಹೊರಡುವ ಮುನ್ನ ಉಬ್ಬರದ ವೇಳೆ ನೋಡಿ

ಕೋಟೆ, ಬಂದರು, ದೀಪಸ್ತಂಭಗಳಿರುವ ಹಳೆಯ ಊರಿಗೆ ಹೋಗೋಣ ಎಂದುಕೊಂಡ ಕೂಡಲೇ ಹೆಚ್ಚಿನವರು ಟಿಕೆಟ್ ಬುಕ್ ಮಾಡಲು ಕೂರುತ್ತಾರೆ. ಇಂಥ ಊರುಗಳ ಮಟ್ಟಿಗೆ ಅದು ಎರಡನೆಯ ಕೆಲಸ. ಇವು ಹುಟ್ಟಿದ್ದೇ ಸಮುದ್ರದ ದೆಸೆಯಿಂದ. ಯಾವ ಜಾಗಕ್ಕೆ ಯಾವಾಗ ಕಾಲಿಡಬಹುದು ಎಂಬುದು ಇವತ್ತಿಗೂ ಅದರ ಕೈಯಲ್ಲೇ ಇದೆ.

ಮೊದಲು ಉಬ್ಬರ-ಇಳಿತದ ವೇಳಾಪಟ್ಟಿ ಹುಡುಕಿ. ಹೆಚ್ಚಿನ ಕರಾವಳಿಗಳಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮತ್ತೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇಂದು ಬೆಳಿಗ್ಗೆ 9ಕ್ಕೆ ಬಂದ ಇಳಿತ ನಾಳೆ 9.50ರ ಆಸುಪಾಸಿಗೆ ಸರಿಯುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಹೊತ್ತಿಗೆ ಸೂರ್ಯ-ಚಂದ್ರರ ಸೆಳೆತ ಒಟ್ಟುಗೂಡಿ ನೀರು ತುಂಬಾ ಮೇಲೇರುತ್ತದೆ, ಅಷ್ಟೇ ಕೆಳಗಿಳಿಯುತ್ತದೆ. ಅಷ್ಟಮಿಯ ಸುಮಾರಿಗೆ ಈ ಏರಿಳಿತ ಕಡಿಮೆ. ಕ್ಯಾಲೆಂಡರಿನಲ್ಲಿ ತಿಥಿ ನೋಡಿದರೂ ಅಂದಾಜು ಸಿಗುತ್ತದೆ, ಆದರೆ ನಡೆದು ದಾಟುವ ಜಾಗಗಳಿಗೆ ಅಂದಾಜು ಸಾಲದು.

ಫ್ರಾನ್ಸಿನ ಸಾಂ ಮಾಲೊ ಊರನ್ನೇ ನೋಡಿ. ಅಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಿನ ವ್ಯತ್ಯಾಸ 12 ಮೀಟರ್ ದಾಟುವುದುಂಟು. ಊರಿನ ಗೋಡೆಯಾಚೆ ಬಂಡೆಯ ಮೇಲೆ 1689ರಲ್ಲಿ ಕಟ್ಟಿದ ಕೋಟೆಯೊಂದಿದೆ. ಇಳಿತದಲ್ಲಿ ಮರಳಿನ ಮೇಲೆ ನಡೆದೇ ಹೋಗಬಹುದು, ಉಬ್ಬರದಲ್ಲಿ ಅದು ದ್ವೀಪ. ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪಕ್ಕೆ ಹೋಗುವ ರಸ್ತೆಯೂ ದಿನಕ್ಕೆರಡು ಬಾರಿ ನೀರಲ್ಲಿ ಮುಳುಗುತ್ತದೆ. ದಾಟಲು ಸುರಕ್ಷಿತವಾದ ವೇಳೆಯನ್ನು ಮೊದಲೇ ಪ್ರಕಟಿಸಿದರೂ ನೀರಲ್ಲಿ ಸಿಕ್ಕಿಕೊಳ್ಳುವ ಕಾರುಗಳಿಗೆ ಕೊನೆಯಿಲ್ಲ. ಇಂಥ ಕಡೆ ನೀರು ಇಳಿಯುತ್ತಿರುವಾಗಲೇ ಹೊರಡಿ, ಇಳಿತದ ವೇಳೆ ಮುಗಿಯುತ್ತಿದ್ದಂತೆ ಹಿಂತಿರುಗಿ. ಸ್ಥಳೀಯ ಫಲಕದಲ್ಲಿ ಬೇರೆ ಸಮಯ ಬರೆದಿದ್ದರೆ ನಿಮ್ಮ ಲೆಕ್ಕ ಬಿಟ್ಟು ಅದನ್ನೇ ಪಾಲಿಸಿ. ದಾರಿ ಮುಚ್ಚಿಹೋದರೆ ನೀರಿಗಿಳಿಯಬೇಡಿ. ದ್ವೀಪದಲ್ಲೇ ಕೆಲವು ಗಂಟೆ ಕೂತರೆ ಜೀವಕ್ಕೇನೂ ಆಗದು.

ಎಲ್ಲ ಸಮುದ್ರವೂ ಹೀಗಿಲ್ಲ. ಮೆಡಿಟರೇನಿಯನ್ ತೀರದ ಬಹುಪಾಲು ಕಡೆ ಉಬ್ಬರ ಅಷ್ಟಾಗಿ ಕಣ್ಣಿಗೇ ಬೀಳದು. ಅಲ್ಲಿ ಏರಿಳಿಯುವುದು ಜನಸಾಗರ. ಕ್ರೊಯೇಷಿಯಾದ ಡುಬ್ರೊವ್ನಿಕ್‌ನಂಥ ಊರಿಗೆ ಹೋಗುವುದಾದರೆ ಯಾವ ದಿನ ಎಷ್ಟು ಕ್ರೂಸ್ ಹಡಗುಗಳು ಬರುತ್ತವೆ ಎಂದು ಬಂದರಿನ ಪಟ್ಟಿಯಲ್ಲಿ ನೋಡಿ, ಹಡಗು ಕಡಿಮೆ ಇರುವ ದಿನ ಆರಿಸಿಕೊಳ್ಳಿ. ಅಲ್ಲಿನ ಕೋಟೆಗೋಡೆಯ ಸುತ್ತಳತೆ 1,940 ಮೀಟರ್, ದಾರಿಯಲ್ಲಿ ನೆರಳು ತೀರಾ ಕಡಿಮೆ. ಬಾಗಿಲು ತೆರೆಯುತ್ತಲೇ ಹತ್ತಿಬಿಡುವುದು ಒಳ್ಳೆಯದು.

ಇನ್ನು ಗಾಳಿ, ಮಳೆ. ಮಹಾರಾಷ್ಟ್ರದ ಮಾಲ್ವಣದ ಎದುರು ಸಮುದ್ರದ ನಡುವೆ ಇರುವ ಸಿಂಧುದುರ್ಗ ಕೋಟೆಗೆ ಮಳೆಗಾಲದಲ್ಲಿ ದೋಣಿ ಇರುವುದಿಲ್ಲ. ಶ್ರೀಲಂಕಾದ ಗಾಲೆಯಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಸಮುದ್ರ ಅಬ್ಬರಿಸುತ್ತದೆ, ಡಿಸೆಂಬರ್‌ನಿಂದ ಮಾರ್ಚ್ ಶಾಂತ. ಮೊರಾಕ್ಕೊದ ಎಸ್ಸವೀರಾದಲ್ಲಿ ಬೇಸಿಗೆಯ ಗಾಳಿ ಎಷ್ಟು ಜೋರೆಂದರೆ ಮರಳು ಮುಖಕ್ಕೇ ಹೊಡೆಯುತ್ತದೆ.

ದಿನಾಂಕ ಗೊತ್ತಾದ ಮೇಲೆ ರಜೆಯ ದಿನಗಳನ್ನು ವಿಚಾರಿಸಿ. ಮ್ಯೂಸಿಯಂಗಳಿಗೆ ವಾರದ ರಜೆ ಇರುತ್ತದೆ, ಪೂಜೆ-ಪ್ರಾರ್ಥನೆಯ ಸ್ಥಳಗಳಿಗೆ ಅವುಗಳದೇ ನಿಯಮ. ಕೊಚ್ಚಿಯ ಮಟ್ಟಾಂಚೇರಿಯಲ್ಲಿರುವ 1568ರ ಯಹೂದಿ ಪ್ರಾರ್ಥನಾ ಮಂದಿರ ಶನಿವಾರ ಪ್ರವಾಸಿಗರಿಗೆ ತೆರೆದಿರುವುದಿಲ್ಲ. ಶನಿವಾರ, ಭಾನುವಾರಗಳನ್ನಷ್ಟೇ ನಂಬಿ ಹೋಗುವವರು ಇದನ್ನು ಮರೆಯಬಾರದು.

ನನಗೆ ಅತಿ ಮುಖ್ಯ ಅನ್ನಿಸುವುದು ಇನ್ನೊಂದು ತಯಾರಿ: ಊರು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು. ಗಾಲೆಯದಾದರೆ ಮೂರು ಸಾಲು ಸಾಕು: ಮೊದಲು ಪೋರ್ಚುಗೀಸರು, 1640ರಲ್ಲಿ ಡಚ್ಚರು, 1796ರಲ್ಲಿ ಬ್ರಿಟಿಷರು. ಆಮೇಲೆ ಅಲ್ಲಿನ ಹಳೆಯ ಹೆಬ್ಬಾಗಿಲ ಮುಂದೆ ನಿಂತು ನೋಡಿ. ಒಳಬದಿಯ ನೆತ್ತಿಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ, ಎರಡು ಸಿಂಹ, ಮೇಲೊಂದು ಹುಂಜ, ರೋಮನ್ ಅಂಕಿಯಲ್ಲಿ 1669. ಹೊರಬದಿಗೆ ಬಂದರೆ ಬ್ರಿಟಿಷ್ ರಾಜಲಾಂಛನ. ಹೊಸ ಒಡೆಯರು ಹಳೆಯ ಗುರುತನ್ನು ಕಿತ್ತುಹಾಕದೆ, ಹೊರಗಿನಿಂದ ಬರುವವರಿಗೆ ಕಾಣುವ ಬದಿಗೆ ತಮ್ಮದನ್ನು ಹಾಕಿಕೊಂಡರು. ಆ ಮೂರು ಸಾಲು ಗೊತ್ತಿಲ್ಲದವರು ಇದರ ಕೆಳಗೇ ಹಾದು ಐಸ್‌ಕ್ರೀಂ ಹುಡುಕುತ್ತಾ ಹೋಗುತ್ತಾರೆ. ಸಂಕಟವಾಗುತ್ತದೆ.

ವಸತಿ ಗೋಡೆಯೊಳಗೆ ಸಿಕ್ಕರೆ ಬಿಡಬೇಡಿ. ಸಂಜೆ ಬಸ್ಸುಗಳೆಲ್ಲ ಹೊರಟ ಮೇಲೆ ಬೀದಿಗಳು ಊರಿನವರಿಗೆ ಮರಳುತ್ತವೆ, ನಡೆಯಲು ಅದೇ ಸುಖದ ಹೊತ್ತು. ಆದರೆ ಕಾರು ಬಾಗಿಲವರೆಗೆ ಬರುತ್ತದೆಯೇ, ಕೋಣೆಗೆ ಎಷ್ಟು ಮೆಟ್ಟಿಲು ಎಂದು ಫೋನ್ ಮಾಡಿ ಕೇಳಿ. ಕಲ್ಲುಹಾಸಿನ ಬೀದಿಯಲ್ಲಿ ಚಕ್ರದ ಸೂಟ್‌ಕೇಸ್ ಎಳೆಯುವುದು ಕಷ್ಟ, ಬೆನ್ನಿಗೆ ಹಾಕುವ ಚೀಲವೇ ವಾಸಿ. ಬಂದರಿನ ಮೆಟ್ಟಿಲುಗಳಲ್ಲಿ ನೀರು ಮುಟ್ಟುವ ಭಾಗ ಹಸಿರಾಗಿರುತ್ತದೆ, ಪಾಚಿ. ಅಲ್ಲಿಗೆ ಹಿಡಿತವಿರುವ ಶೂ ಹಾಕಿಕೊಳ್ಳಿ. ವಯಸ್ಸಾದವರು ಜೊತೆಗಿದ್ದರೆ ಆ ಮೆಟ್ಟಿಲುಗಳಿಗೆ ಇಳಿಯುವುದೇ ಬೇಡ.